ಕೇಳಿ, ಹೇಳ್ತೀನಿ: ಹೊಳೆಯುವ ಹಳದಿ ಪುಡಿಗೆ ಏನು ಕೆಲಸ?

ಹೋದ ತಿಂಗಳು ಈ ಅಂಕಣದಲ್ಲಿ ಫೋನಿನ ಓಎಲ್‌ಇಡಿ ಪರದೆ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದರೊಳಗೆ ಬೆಳಗುವುದು ಬಲ್ಬಿನ ಹಾಗೆ ಕಾದ ತಂತಿಯಲ್ಲ, ಕಾರ್ಬನ್ ಇರುವ ಬಣ್ಣದ ವಸ್ತುಗಳ ತೆಳುವಾದ ಪದರ ಅಂತ. ಅದಕ್ಕೆ ಒಂದು ಹಿಡಿ ಕಾಗದ ಬಂದಿವೆ. ಬಳ್ಳಾರಿಯಲ್ಲಿ ಈಗ ಹನ್ನೊಂದಾದ ಮೇಲೆ ಹೊರಗೆ ಕಾಲಿಡುವ ಹಾಗಿಲ್ಲ. ಫ್ಯಾನಿನ ಕೆಳಗೆ ಕೂತು ಉತ್ತರ ಬರೆದಿದ್ದೇನೆ. ಮೊದಲನೆಯದು ಉದ್ದವಾಯಿತು. ಅದನ್ನು ಕೇಳಿದ ಹುಡುಗಿ ಮೂರು ಸಲ ಕಷ್ಟಪಟ್ಟಿದ್ದಾಳೆ, ಎರಡು ಮಾತಿನಲ್ಲಿ ಮುಗಿಸೋಕೆ ಮನಸ್ಸಾಗಲಿಲ್ಲ.

ಪ್ರಶ್ನೆ: ಮೇಡಂ, ನಾನು ಎಂ.ಎಸ್ಸಿ. ಕೆಮಿಸ್ಟ್ರಿ ಕೊನೆಯ ವರ್ಷ. ಪ್ರಾಜೆಕ್ಟಿಗೆ ನಮ್ಮ ಗೈಡ್ ಒಂದು ಹಳದಿ ಪುಡಿ ಕೊಟ್ಟಿದ್ದಾರೆ. ಹೆಸರು 4ಸಿಝಡ್‌ಐಪಿಎನ್. ಓಎಲ್‌ಇಡಿಗಾಗಿ ಮಾಡಿದ್ದಂತೆ. ಇದನ್ನು ಫೋಟೋಕ್ಯಾಟಲಿಸ್ಟ್ ಆಗಿ, ಅಂದರೆ ಬೆಳಕು ಹಿಡಿದು ರಿಯಾಕ್ಷನ್ ನಡೆಸುವ ವಸ್ತುವಾಗಿ, ಕಾರ್ಬಾಕ್ಸಿಲಿಕ್ ಆಮ್ಲ, ಬೇಸ್, ನಿಕಲ್ ಜೊತೆ ಹಾಕಿ ನೀಲಿ ಎಲ್‌ಇಡಿ ಹಚ್ಚಿದರೆ ರಿಯಾಕ್ಷನ್ ಆಗಬೇಕು. ಮೂರು ಸಲ ಮಾಡಿದೆ. ಟಿಎಲ್‌ಸಿಯಲ್ಲಿ ಶುರುವಿನ ಚುಕ್ಕೆಯೇ ಉಳಿದಿದೆ, ಅಂದರೆ ಹಾಕಿದ ಸಾಮಾನು ಬದಲಾಗೇ ಇಲ್ಲ. ಫ್ಲಾಸ್ಕಿನ ಗಾಳಿ ಹೊರಹಾಕುವ ನೈಟ್ರೋಜನ್ ಸಿಲಿಂಡರ್ ಖಾಲಿಯಾಗಿತ್ತು, ಅದಕ್ಕೆ ಮುಚ್ಚಳ ಬಿಗಿಯಾಗಿ ಹಾಕಿ ಮಾಡಿದೆ. ಮೂರನೇ ಸಲ ಪುಡಿಯನ್ನು ಐದು ಪಟ್ಟು ಹಾಕಿದೆ. ದೀಪಕ್ಕೆ ಮಾಡಿದ ವಸ್ತು ಕ್ಯಾಟಲಿಸ್ಟ್ ಹೇಗಾಗುತ್ತದೆ? ನನ್ನದು ಎಲ್ಲಿ ತಪ್ಪಿದೆ?
— ಒಬ್ಬ ವಿದ್ಯಾರ್ಥಿನಿ, ಸಿಂಧನೂರು

ಮಗಳೇ, ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಪಿಯುಸಿ ಹುಡುಗರಿಗೆ 29 ವರ್ಷ ಕೆಮಿಸ್ಟ್ರಿ ಹೇಳಿಕೊಟ್ಟೆ. ಬೆಳಕಿನಿಂದ ರಿಯಾಕ್ಷನ್ ಆಗುತ್ತದೆ ಅಂದರೆ ಬೆಳಕು ಬಿಸಿ ಕೊಡುತ್ತದೆ, ಅಷ್ಟೇ ಅಂತ ಬಹಳ ವರ್ಷ ಹೇಳಿದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಮೇಡಂ, ಹಂಗಾದ್ರೆ ಸಿಲ್ವರ್ ನೈಟ್ರೇಟಿಗೆ ಕಂದು ಬಾಟಲಿ ಯಾಕ? ಫ್ರಿಜ್ಜಿನಾಗ ಇಟ್ರ ಸಾಕಲ್ಲ?" ನಾನು "ಕೂತ್ಕೋ, ಸಿಲಬಸ್ ಮುಗಿಸಬೇಕು" ಅಂದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅವಳು ಕೇಳಿದ್ದೇ ಸರಿ. ಬಿಸಿ ಎಲ್ಲ ಅಣುಗಳನ್ನೂ ಸ್ವಲ್ಪ ಸ್ವಲ್ಪ ಅಲುಗಾಡಿಸುತ್ತದೆ. ಬೆಳಕು ಒಂದೇ ಅಣುವನ್ನು ಆರಿಸಿ, ಅದರ ಒಂದೇ ಎಲೆಕ್ಟ್ರಾನನ್ನು ಎತ್ತಿ ಮೇಲೆ ಕೂರಿಸುತ್ತದೆ. ಎರಡೂ ಬೇರೆ ಬೇರೆ ಕೆಲಸ.

ಮೇಲೆ ಅಂದರೆ ಎಲ್ಲಿ? ನಮ್ಮ ಅಜ್ಜಿಯ ಊರು ಸಿರುಗುಪ್ಪದ ಕಡೆ. ಮಣ್ಣಿನ ಮಾಳಿಗೆ ಮನೆ, ನಡುವೆ ಬೆಳಕಿಂಡಿ. ಕೆಳಗೆ ಪಡಸಾಲೆ, ಮೇಲೆ ಮಾಳಿಗೆ, ಮಾಳಿಗೆಯ ಕೆಳಗೆ ಸಾಮಾನು ಇಡುವ ಅಟ್ಟ. ನಿನ್ನ ಅಣುವನ್ನೂ ಹಾಗೇ ಅಂದುಕೋ. ಎಲೆಕ್ಟ್ರಾನು ಪಡಸಾಲೆಯಲ್ಲಿ ಇರುತ್ತದೆ. ನೀಲಿ ಬೆಳಕು ಬಿದ್ದ ಕೂಡಲೇ ಮಾಳಿಗೆಗೆ ಹೋಗುತ್ತದೆ. ಮಾಮೂಲಿ ಹೊಳೆಯುವ ಬಣ್ಣಗಳಲ್ಲಿ ಅದು ಕೆಲವು ನ್ಯಾನೋಸೆಕೆಂಡಿನಲ್ಲಿ ಕೆಳಗೆ ಧುಮುಕಿ, ತಂದ ಶಕ್ತಿಯನ್ನು ಬೆಳಕಾಗಿ ಚೆಲ್ಲಿಬಿಡುತ್ತದೆ. ಅದೇ ನಾವು ನೋಡುವ ಹೊಳಪು.

ಕೆಲವು ಎಲೆಕ್ಟ್ರಾನು ಮಾಳಿಗೆಯಿಂದ ಅಟ್ಟಕ್ಕೆ ಜಾರುತ್ತವೆ. ಕ್ಲಾಸಿನಲ್ಲಿ ಮಾಳಿಗೆಗೆ ಸಿಂಗ್ಲೆಟ್ ಅಂತಲೂ ಅಟ್ಟಕ್ಕೆ ಟ್ರಿಪ್ಲೆಟ್ ಅಂತಲೂ ಓದಿದ್ದೀಯ. ಅಟ್ಟದಿಂದ ಪಡಸಾಲೆಗೆ ಏಣಿ ಇಲ್ಲ. ಸ್ಪಿನ್ನಿನ ನಿಯಮ ಆ ಏಣಿಯನ್ನು ತೆಗೆದಿಟ್ಟಿದೆ. ಬೇರೆ ಬಣ್ಣಗಳಲ್ಲಿ ಅಟ್ಟ ಒಂದಾಳು ಕೆಳಗಿರುತ್ತದೆ, ಬಿದ್ದವನು ಅಲ್ಲೇ. ನಿನ್ನ ಹಳದಿ ಪುಡಿಯಲ್ಲಿ ಅಟ್ಟ ಮಾಳಿಗೆಗಿಂತ ಒಂದು ಗೇಣು ಮಾತ್ರ ಕೆಳಗೆ. ಕೋಣೆಯ ಬಿಸಿಯೇ ನೂಕಿ ಮತ್ತೆ ಮಾಳಿಗೆಗೆ ಹತ್ತಿಸುತ್ತದೆ. ಅಲ್ಲಿಂದ ಕೆಳಗಿಳಿಯುವಾಗ ಬೆಳಕು ಬರುತ್ತದೆ, ಆದರೆ ತಡವಾಗಿ. ಸುಮಾರು 5 ಮೈಕ್ರೋಸೆಕೆಂಡ್, ಅಂದರೆ 5,000 ನ್ಯಾನೋಸೆಕೆಂಡ್. ನಮಗೆ ಅದು ರೆಪ್ಪೆ ಮಿಟುಕಿಸುವಷ್ಟು ಹೊತ್ತೂ ಅಲ್ಲ. ಅಣುಗಳ ಲೆಕ್ಕದಲ್ಲಿ ಇಡೀ ಜಾತ್ರೆ ನೋಡಿ ಬರುವಷ್ಟು ಹೊತ್ತು.

ಗೇಣು ಯಾಕೆ ಇಷ್ಟು ಕಿರಿದು ಅಂತ ವೈವಾದಲ್ಲಿ ಕೇಳುತ್ತಾರೆ, ಕೇಳಿಸಿಕೋ. ಈ ಅಣುವಿನ ನಡುವೆ ಎರಡು ನೈಟ್ರೈಲ್ (ಕಾರ್ಬನ್-ನೈಟ್ರೋಜನ್ ಜೋಡಿ) ಇರುವ ಬೆಂಜೀನ್ ಉಂಗುರ ಇದೆ. ಅದಕ್ಕೆ ಕಾರ್ಬಝೋಲ್ ಅನ್ನುವ ಸಣ್ಣ ಅಣುವಿನ ನಾಲ್ಕು ತೋಳುಗಳು. ಹೆಸರಿನಲ್ಲಿರುವ 4 ಅದೇ. ತೋಳು ಎಲೆಕ್ಟ್ರಾನು ಕೊಡುವ ಕಡೆ, ನಡುವಿನ ಉಂಗುರ ಎಳೆದುಕೊಳ್ಳುವ ಕಡೆ. ಜಾಗ ಸಾಲದೆ ತೋಳುಗಳು ಉಂಗುರಕ್ಕೆ ಓರೆಯಾಗಿ ತಿರುಗಿ ನಿಂತಿವೆ. ಹಾಗಾಗಿ ಎಲೆಕ್ಟ್ರಾನು ಬಿಟ್ಟು ಹೋದ ಜಾಗವೂ ಹೋಗಿ ಕೂತ ಜಾಗವೂ ಒಂದರ ಮೇಲೊಂದು ಬೀಳುವುದು ಕಡಿಮೆ. ಅದರಿಂದಲೇ ಸಿಂಗ್ಲೆಟ್ಟಿಗೂ ಟ್ರಿಪ್ಲೆಟ್ಟಿಗೂ ಅಂತರ ಸಣ್ಣದಾಗಿದೆ.

ಇದನ್ನು ಮಾಡಿದ್ದು ದೀಪಕ್ಕಾಗಿಯೇ. ಜಪಾನಿನ ಕ್ಯೂಷು ವಿಶ್ವವಿದ್ಯಾಲಯದ ಚಿಹಾಯಾ ಅಡಾಚಿ ಅವರ ತಂಡ 2012ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆಯಿತು. ಅವರ ತಲೆನೋವು ಬೇರೆಯೇ ಇತ್ತು. ಕರೆಂಟು ಹಾಯಿಸಿ ಅಣುವನ್ನು ಎಬ್ಬಿಸಿದರೆ ನಾಲ್ಕರಲ್ಲಿ ಮೂರು ಪಾಲು ಸೀದಾ ಅಟ್ಟಕ್ಕೆ ಹೋಗುತ್ತದೆ, ಒಂದೇ ಪಾಲು ಮಾಳಿಗೆಗೆ. ಅಂದರೆ ಮಾಮೂಲಿ ಬಣ್ಣದಲ್ಲಿ ಮುಕ್ಕಾಲು ಕರೆಂಟು ದಂಡ. ಅಟ್ಟಕ್ಕೆ ಹೋದವರನ್ನೂ ಮೇಲೆ ಹತ್ತಿಸಿ ಬೆಳಕು ತೆಗೆಯೋಣ ಅಂತ ಅವರು ಈ ಗೇಣಿನ ಅಂತರದ ಅಣು ಕಟ್ಟಿದರು.

ನಾಲ್ಕು ವರ್ಷ ಕಳೆದು, 2016ರಲ್ಲಿ, ಅಮೆರಿಕದ ನೆಬ್ರಾಸ್ಕಾದ ಇಬ್ಬರು ರಸಾಯನಶಾಸ್ತ್ರಜ್ಞರು ಇದೇ ಪುಡಿಯನ್ನು ಫ್ಲಾಸ್ಕಿಗೆ ಹಾಕಿದರು. ಜೊತೆಗೆ ಸ್ವಲ್ಪ ನಿಕಲ್. ದೀಪದವರು ಬೆಳಕು ಬೇಗ ಹೊರಗೆ ಬರಲಿ ಅಂತ ಕಾಯುತ್ತಾರೆ. ಇವರಿಗೆ ಬೇಕಾಗಿದ್ದು ಎಲೆಕ್ಟ್ರಾನು ಮೇಲೆ ಕೂತಿರುವ ಆ 5 ಮೈಕ್ರೋಸೆಕೆಂಡ್.

ಆ ಹೊತ್ತಿನಲ್ಲಿ ಅಣು ಎರಡು ವ್ಯವಹಾರ ಮಾಡಬಲ್ಲದು. ಪಡಸಾಲೆಯಲ್ಲಿ ಒಂದು ಜಾಗ ಖಾಲಿಯಾಗಿದೆ ಅಲ್ವಾ? ಅಲ್ಲಿಗೆ ಪಕ್ಕದ ಅಣುವಿನಿಂದ ಎಲೆಕ್ಟ್ರಾನು ಎಳೆದುಕೊಳ್ಳಬಹುದು. ಮೇಲೆ ಕೂತಿರುವ ಎಲೆಕ್ಟ್ರಾನನ್ನು ಇನ್ನೊಬ್ಬರಿಗೆ ಕೊಡಲೂಬಹುದು. ನಿನ್ನ ರಿಯಾಕ್ಷನ್ನಿನಲ್ಲಿ ಕಾರ್ಬಾಕ್ಸಿಲಿಕ್ ಆಮ್ಲ ಇದೆ ಅಂತ ಬರೆದಿದ್ದೀಯ. ಬೇಸ್ ಹಾಕಿದ ಮೇಲೆ ಅದು ಎಲೆಕ್ಟ್ರಾನು ಕಳೆದುಕೊಳ್ಳುತ್ತದೆ, ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ, ಉಳಿದ ತುಂಡು ಒಂಟಿ ಎಲೆಕ್ಟ್ರಾನಿನ ರ‍್ಯಾಡಿಕಲ್ ಆಗಿ ನಿಕಲ್ ಹತ್ತಿರ ಓಡುತ್ತದೆ. ಹಳದಿ ಪುಡಿಯ ಹತ್ತಿರ ಈಗ ಒಂದು ಎಲೆಕ್ಟ್ರಾನು ಜಾಸ್ತಿ. ಅದನ್ನು ನಿಕಲ್‌ಗೆ ಕೊಟ್ಟು ತಾನು ಮೊದಲಿನ ಹಾಗೆ ಆಗುತ್ತದೆ. ನಿಕಲ್ ಆ ತುಂಡನ್ನು ಇನ್ನೊಂದು ಅಣುವಿನ ತುಂಡಿಗೆ ಸೇರಿಸಿ ಕೊಡುತ್ತದೆ. ಆಮ್ಲಕ್ಕೆ ಬಣ್ಣ ಇಲ್ಲ. ಅದರ ಮೇಲೆ ನೀಲಿ ಬೆಳಕು ಎಷ್ಟು ಬಿದ್ದರೂ ಹಿಡಿಯುವ ಕೈ ಇಲ್ಲ. ಹಿಡಿದು ಕೊಡುವ ಕೈ ಈ ಪುಡಿ.

ಈಗ ನಿನ್ನ ತಪ್ಪಿಗೆ ಬರೋಣ. ಬಿಗಿಯಾಗಿ ಮುಚ್ಚಿದೆ ಅಂದೆಯಲ್ಲ, ಅಲ್ಲೇ ಇದೆ. ಕಳ್ಳನನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗಾಯಿತು. ಗಾಳಿಯ ಆಮ್ಲಜನಕ ಟಾಲ್ವೀನಿನಂಥ ದ್ರಾವಕದಲ್ಲಿ ನೀರಿಗಿಂತ ಹಲವು ಪಟ್ಟು ಜಾಸ್ತಿ ಕರಗುತ್ತದೆ. ಆಮ್ಲಜನಕ ಹುಟ್ಟಿನಿಂದಲೇ ಟ್ರಿಪ್ಲೆಟ್. ಅಟ್ಟದಲ್ಲಿ ಕೂತ ಎಲೆಕ್ಟ್ರಾನಿನ ಶಕ್ತಿಯನ್ನು ಅದು ಸಲೀಸಾಗಿ ಕಿತ್ತುಕೊಳ್ಳುತ್ತದೆ. ನಿನ್ನ ಆಮ್ಲ ಬಂದು ನೋಡುವಷ್ಟರಲ್ಲಿ ಅಟ್ಟ ಖಾಲಿ.

ಪರೀಕ್ಷೆ ಸುಲಭ, ನೋಡೋಕೂ ಚೆಂದ. ಪುಡಿಯನ್ನು ಚೂರು ಟಾಲ್ವೀನಿನಲ್ಲಿ ಕರಗಿಸು. ಬೇರೆ ಏನೂ ಹಾಕಬೇಡ. ನೀಲಿ ದೀಪದ ಮುಂದೆ ಹಿಡಿ, ಮಂಕು ಹಸಿರು ಹೊಳಪು ಕಾಣುತ್ತದೆ. ಈಗ ಸೂಜಿಯಿಂದ ನೈಟ್ರೋಜನ್ ಗುಳ್ಳೆ ಬಿಡು, ಗಾಳಿ ಹೊರಹೋಗಲು ಇನ್ನೊಂದು ಸೂಜಿ ಚುಚ್ಚಿರು. ನೋಡ್ತಾ ನೋಡ್ತಾ ಹೊಳಪು ಏರುತ್ತದೆ. ಆಮ್ಲಜನಕ ಪೂರ್ತಿ ತೆಗೆದರೆ ಹೀರಿದ 100 ಫೋಟಾನಿಗೆ (ಬೆಳಕಿನ ಕಣಕ್ಕೆ) ಸುಮಾರು 94 ವಾಪಸ್ ಬರುತ್ತವೆ ಅಂತ ಅಡಾಚಿ ತಂಡ ಅಳೆದಿದೆ. ಇನ್ನು ನಿನ್ನ ಆಮ್ಲ ಮತ್ತು ಬೇಸ್ ಹಾಕು. ಹೊಳಪು ಮತ್ತೆ ಕುಂದಬೇಕು. ಈ ಸಲ ಕುಂದಿದರೆ ಖುಷಿಪಡು. ಕಣ್ಣಿಗೆ ಕಾಣುವ ಹೊಳಪು ಅಂದರೆ ಕೆಲಸಕ್ಕೆ ಹೋಗದೆ ತಿರುಗಿ ಬಂದ ಬೆಳಕು. ಕೂಲಿಗೆ ಕರೆದುಕೊಂಡು ಹೋದರೆ ಕಟ್ಟೆಯ ಮೇಲೆ ಯಾರೂ ಕಾಣುವುದಿಲ್ಲ, ಹಾಗೆ. ನಿನ್ನ ಫ್ಲಾಸ್ಕು ಮೊದಲ ದಿನವೇ ಮಂಕಾಗಿತ್ತು ಅಂದರೆ ಕಟ್ಟೆಯಿಂದ ಆಳುಗಳನ್ನು ಕರೆದೊಯ್ದವನು ನಿನ್ನ ಆಮ್ಲವಲ್ಲ, ಆಮ್ಲಜನಕ.

ಒಂದು ಎಚ್ಚರಿಕೆ. ಈ ಪರೀಕ್ಷೆಯನ್ನು ಬೇರೆ ದ್ರಾವಕಗಳಾದ ಅಸಿಟೋನೈಟ್ರೈಲ್ ಅಥವಾ ಡಿಎಂಎಫ್‌ನಲ್ಲಿ ಮಾಡಿ ಗಾಬರಿಯಾಗಬೇಡ. ಅಲ್ಲಿ ಹೊಳಪು ಹಸಿರಿನಿಂದ ಹಳದಿ ಕಡೆಗೆ ತಿರುಗುತ್ತದೆ, ತಾನಾಗೇ ಮಂಕೂ ಆಗುತ್ತದೆ.

ಐದು ಪಟ್ಟು ಪುಡಿ ಹಾಕಿದ್ದು ಎರಡನೇ ತಪ್ಪು. ಒಂದೆರಡು ಮೋಲ್ ಪರ್ಸೆಂಟ್, ಅಂದರೆ ಮುಖ್ಯ ಸಾಮಾನಿನ ನೂರು ಅಣುವಿಗೆ ಒಂದೆರಡು, ಬೇಕಾದಷ್ಟಾಯಿತು. ಜಾಸ್ತಿ ಹಾಕಿದರೆ ಗಾಜಿಗೆ ಹತ್ತಿರ ಇರುವ ತೆಳು ಪದರವೇ ಬೆಳಕನ್ನೆಲ್ಲ ಕುಡಿದುಬಿಡುತ್ತದೆ. ನಡುವಿನಲ್ಲಿ ಕತ್ತಲು. ಕಂಪನಿಗಳಲ್ಲಿ ಇಂಥ ರಿಯಾಕ್ಷನ್ನನ್ನು ದೊಡ್ಡ ಪಾತ್ರೆಯಲ್ಲಿ ಮಾಡದೆ ಸಣ್ಣ ಕೊಳವೆಯಲ್ಲಿ ಹರಿಸುತ್ತಾ ಮಾಡುವುದು ಅದಕ್ಕೇ.

ಇನ್ನೊಂದು ಫ್ಲಾಸ್ಕಿಗೆ ಅದೇ ಎಲ್ಲ ಹಾಕಿ, ಅಡುಗೆ ಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿ, ಅದೇ ದೀಪದ ಪಕ್ಕದಲ್ಲೇ ಇಡು. ಎಲ್‌ಇಡಿ ಪಟ್ಟಿಯೂ ಫ್ಲಾಸ್ಕನ್ನು ಕಾಯಿಸುತ್ತದೆ. ಸುತ್ತಿದ್ದರಲ್ಲಿ ಏನೂ ಆಗದೆ ತೆರೆದದ್ದರಲ್ಲಿ ಆದರೆ, ಅದು ಬಿಸಿಯ ಕೆಲಸವಲ್ಲ ಅಂತ ಯಾರಿಗೆ ಬೇಕಾದರೂ ತೋರಿಸಬಹುದು. ನನಗೆ 29 ವರ್ಷದ ಹಿಂದೆ ಯಾರಾದರೂ ಇದನ್ನು ತೋರಿಸಬೇಕಿತ್ತು. ನೀಲಿ ದೀಪವನ್ನು ಬರಿಗಣ್ಣಿನಿಂದ ನೋಡುತ್ತಾ ಕೂರಬೇಡ, ಕಿತ್ತಳೆ ಬಣ್ಣದ ಕನ್ನಡಕ ಸಿಗುತ್ತದೆ.

ಕ್ಯಾಟಲಿಸ್ಟು ಬದಲಾಗುವುದೇ ಇಲ್ಲ ಅಂತಲೂ ನಂಬಬೇಡ. ಅದೂ ನಾವು ಬೋರ್ಡಿನ ಮೇಲೆ ಬರೆಸುತ್ತಿದ್ದ ಸಾಲೇ. ಕೆಲವು ಆಮ್ಲಗಳ ಜೊತೆ ಈ ಪುಡಿಯ ಒಂದು ನೈಟ್ರೈಲ್ ಕಳಚಿ, ಆ ಜಾಗಕ್ಕೆ ಆಮ್ಲದ ತುಂಡು ಬಂದು ಕೂರುತ್ತದೆ. ಆ ಹೊಸ ಅಣುವೂ ಕ್ಯಾಟಲಿಸ್ಟೇ, ಸ್ವಭಾವ ಮಾತ್ರ ಬೇರೆ. ರಾತ್ರಿಯಿಡೀ ನಡೆಸಿದ ಫ್ಲಾಸ್ಕಿನಲ್ಲಿ ಬೆಳಿಗ್ಗೆ ಬಣ್ಣ ಬೇರೆ ಕಂಡರೆ ಬರೆದಿಟ್ಟುಕೋ. ಸಿಲಿಂಡರ್ ತುಂಬಿಸೋಕೆ ಗೈಡ್ ಹತ್ತಿರ ಈ ಪುಟ ತೋರಿಸು.

ಪ್ರಶ್ನೆ: ಇಂಥ ಕೆಲಸಕ್ಕೆ ಬಳಸುವ ಇರಿಡಿಯಂ ಅನ್ನೋ ಲೋಹ ಚಿನ್ನಕ್ಕಿಂತ ವಿರಳ ಅಂತ ಮಗ ಹೇಳುತ್ತಾನೆ. ನಮ್ಮ ಗಣಿಯಲ್ಲಿ ಸಿಗುವುದಿಲ್ಲವೇ?
— ನಿವೃತ್ತ ಗಣಿ ನೌಕರರು, ಹಟ್ಟಿ

ಮಗ ಹೇಳಿದ್ದು ನಿಜ. ಜಗತ್ತಿನಲ್ಲಿ ವರ್ಷಕ್ಕೆ ಹೊಸ ಚಿನ್ನ 3,000 ಟನ್ನಿಗೂ ಜಾಸ್ತಿ ಹೊರಬರುತ್ತದೆ. ಇರಿಡಿಯಂ ಏಳೆಂಟು ಟನ್ ಅಷ್ಟೇ. ಒಂದು ಲಾರಿ ಲೋಡು. ಬಹುಪಾಲು ದಕ್ಷಿಣ ಆಫ್ರಿಕಾದಲ್ಲಿ ಪ್ಲಾಟಿನಂ ತೆಗೆಯುವಾಗ ಜೊತೆಗೆ ಬರುತ್ತದೆ. ಹಟ್ಟಿ ಚಿನ್ನದ ಗಣಿ, ಅದು ಬೇರೆ ಅದಿರು.

2008ರಲ್ಲಿ ಪ್ರಿನ್ಸ್‌ಟನ್‌ನ ಡೇವಿಡ್ ಮ್ಯಾಕ್‌ಮಿಲನ್ ಅವರ ತಂಡವೂ ವಿಸ್ಕಾನ್ಸಿನ್‌ನ ಟೆಹ್ಶಿಕ್ ಯೂನ್ ಅವರ ತಂಡವೂ ಬೆಳಕಿನಿಂದ ಅಣು ಜೋಡಿಸುವ ದಾರಿ ತೋರಿಸಿದಾಗ ಬಳಸಿದ್ದು ರುಥೇನಿಯಂ. ಆಮೇಲೆ ಇರಿಡಿಯಂ ಬಂತು. ಭಾರದ ಲೋಹ ನಡುವೆ ಇದ್ದರೆ ಎಲೆಕ್ಟ್ರಾನು ಅಟ್ಟಕ್ಕೆ ಹೋಗೋದು ಸುಲಭ. ಆ ಕೆಲಸವನ್ನು ಬರೀ ಕಾರ್ಬನ್, ಹೈಡ್ರೋಜನ್, ನೈಟ್ರೋಜನ್ ಇಟ್ಟುಕೊಂಡು ಮಾಡಿದ್ದೇ ಹಳದಿ ಪುಡಿಯ ಹೆಚ್ಚುಗಾರಿಕೆ. ಅದರ ತೋಳಾದ ಕಾರ್ಬಝೋಲ್ ಸಿಕ್ಕಿದ್ದು 1872ರಲ್ಲಿ, ಕಲ್ಲಿದ್ದಲಿನ ಡಾಂಬರಿನಲ್ಲಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬೇಕಾದ ಕೋಕ್ ಮಾಡುವಾಗಲೂ ಅಂಥದ್ದೇ ಡಾಂಬರು ಬರುತ್ತದೆ. ನಿಮ್ಮ ಗಣಿಯಲ್ಲಿ ಇರಿಡಿಯಂ ಹುಡುಕುವುದಕ್ಕಿಂತ ಅದು ಹತ್ತಿರದ ಮಾಲು.

ಪ್ರಶ್ನೆ: ನಮ್ಮದು ಜೀನ್ಸ್ ವಾಷಿಂಗ್ ಯೂನಿಟ್. ಒಬ್ಬ ಏಜೆಂಟ್ ಬಂದು, ಒಂದು ಪುಡಿ ಟ್ಯಾಂಕಿಗೆ ಹಾಕಿ ನೀಲಿ ಎಲ್‌ಇಡಿ ಟ್ಯೂಬ್ ಇಳಿಬಿಟ್ಟರೆ ಬಣ್ಣದ ನೀರು ಒಂದೇ ರಾತ್ರಿಗೆ ತಿಳಿಯಾಗುತ್ತದೆ ಅನ್ನುತ್ತಿದ್ದಾನೆ. ಮುಂಗಡ ಕೇಳುತ್ತಿದ್ದಾನೆ. ಕೊಡಲಾ?
— ಒಬ್ಬ ಓದುಗರು, ಬಳ್ಳಾರಿ

ಅಣ್ಣಾರೇ, ಕೊಡಬೇಡಿ.

ಯಾಕೆ ಅಂತ ನಿಮ್ಮ ನೀಲಿಯಿಂದಲೇ ಹೇಳುತ್ತೇನೆ. ಇಂಡಿಗೋ ಬೆಳಕನ್ನು ಚೆನ್ನಾಗಿ ಹಿಡಿಯುತ್ತದೆ, ಅಷ್ಟು ಗಾಢ ನೀಲಿ. ಆದರೆ ಜೀನ್ಸ್ ಹೊಳೆಯುವುದನ್ನು ಯಾರಾದರೂ ನೋಡಿದ್ದೀರಾ? ಅದರ ಎಲೆಕ್ಟ್ರಾನು ಒಂದು ನ್ಯಾನೋಸೆಕೆಂಡೂ ಮೇಲಿರದೆ ಇಳಿದು, ತಂದ ಶಕ್ತಿಯನ್ನು ಬಿಸಿಯಾಗಿ ಕೊಡವಿಬಿಡುತ್ತದೆ. ಹೊಳಪೂ ಇಲ್ಲ, ಕೆಲಸವೂ ಇಲ್ಲ. ಅದಕ್ಕೇ ಬಿಸಿಲಿಗೆ ಅಷ್ಟು ತಡೆಯುತ್ತದೆ. ಜೀನ್ಸ್ ಬಣ್ಣ ಹೋಗುವುದು ಬಿಸಿಲಿಗಿಂತ ಉಜ್ಜಾಟದಿಂದ, ಯಾಕೆಂದರೆ ನೂಲಿನ ಹೊರಮೈಗೆ ಮಾತ್ರ ಬಣ್ಣ ಹತ್ತಿರುತ್ತದೆ, ಒಳಗೆ ಬಿಳಿ. ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಇಲ್ಲದಿದ್ದರೆ ಕಲ್ಲು, ಎಂಜೈಮ್, ಪರ್ಮ್ಯಾಂಗನೇಟ್ ಸ್ಪ್ರೇ ಅಂತ ಇಷ್ಟು ಖರ್ಚು ಯಾಕೆ ಮಾಡುತ್ತಿದ್ದಿರಿ? ಮಾಳಿಗೆ ಮೇಲೆ ಹರವಿಬಿಡುತ್ತಿದ್ದಿರಿ.

ಬೆಳಕಿನಿಂದ ನೀರು ಶುದ್ಧ ಮಾಡುವುದು ಸುಳ್ಳಲ್ಲ. ಅದಕ್ಕೆ ಹೆಸರಾದದ್ದು ಟೈಟಾನಿಯಂ ಡೈಆಕ್ಸೈಡ್, ಸುಣ್ಣದ ಹಾಗೆ ಬೆಳ್ಳಗಿನ ಪುಡಿ. ಜಪಾನಿನ ಫುಜಿಶಿಮಾ ಮತ್ತು ಹೊಂಡಾ 1972ರಲ್ಲಿ ಬರೆದ ಲೇಖನದಿಂದ ಆ ದಾರಿ ತೆರೆಯಿತು. ಆದರೆ ಅದು ಹಿಡಿಯುವುದು ಅಲ್ಟ್ರಾವಯಲೆಟ್ಟನ್ನು. ನೀಲಿ ಎಲ್‌ಇಡಿಗೆ ಅದು ಹೊರಳಿಯೂ ನೋಡುವುದಿಲ್ಲ. ಬಿಸಿಲಿನಲ್ಲಿ ಅಲ್ಟ್ರಾವಯಲೆಟ್ ನೂರರಲ್ಲಿ ನಾಲ್ಕೈದು ಪಾಲು. ಜೊತೆಗೆ ನಿಮ್ಮ ನೀರೇ ಕಪ್ಪು ನೀಲಿ, ಬೆಳಕು ಒಳಗೆ ಇಳಿಯುವುದೇ ಇಲ್ಲ. ಮೊದಲು ಕೆಸರು ಕೂರಿಸಿ, ಬ್ಯಾಕ್ಟೀರಿಯಾ ಟ್ಯಾಂಕಿನಲ್ಲಿ ಹಾಯಿಸಿ, ಬಣ್ಣ ಬಹುಪಾಲು ಇಳಿದ ಮೇಲೆ ಕೊನೆಯ ಹಂತಕ್ಕೆ ಬೆಳಕು ಇಡಬಹುದು. ಮೇಲೆ ಹೇಳಿದ ಹಳದಿ ಪುಡಿಯಂಥದ್ದು ಏಜೆಂಟನ ಚೀಲದಲ್ಲಿದ್ದರೆ ಅದು ನೀರಿನಲ್ಲಿ ಕರಗುವುದೂ ಇಲ್ಲ. ಗ್ರಾಂ ಲೆಕ್ಕದಲ್ಲಿ ಕೊಳ್ಳುವ ಪುಡಿಯನ್ನು ಟ್ಯಾಂಕಿಗೆ ಸುರಿಯುತ್ತಾರಾ?

ಇನ್ನೊಂದು ಮಾತು. ಬಣ್ಣ ಹೋದರೆ ನೀರು ಶುದ್ಧವಾಯಿತು ಅಂತಲ್ಲ. ಬಣ್ಣದ ಅಣು ಎರಡು ತುಂಡಾದರೂ ಬಣ್ಣ ಹೋಗುತ್ತದೆ, ತುಂಡುಗಳು ನೀರಿನಲ್ಲೇ ಇರುತ್ತವೆ. ಯಾರೇ ಬಂದರೂ ನಿಮ್ಮದೇ ನೀರು ಒಂದು ಕ್ಯಾನ್ ಕೊಟ್ಟು, ಮೊದಲು ಮತ್ತು ಆಮೇಲೆ ಸಿಒಡಿ (ನೀರಿನಲ್ಲಿ ಉಳಿದ ರಾಸಾಯನಿಕ ಕೊಳೆಯ ಅಳತೆ) ಎಷ್ಟಿದೆ ಅಂತ ಬೇರೆ ಲ್ಯಾಬಿನಿಂದ ರಿಪೋರ್ಟ್ ತರಿಸಿ. ಏಜೆಂಟ್ ಆಮೇಲೆ ಫೋನ್ ಎತ್ತುತ್ತಾನಾ ನೋಡಿ.

ಪ್ರಶ್ನೆ: ನಮ್ಮ ಕಡೆ ಬಿಸಿಲಿಗೆ ಬರ ಇಲ್ಲ, ಮಳೆಗಷ್ಟೇ ಬರ. ಬೆಳಕಿನಿಂದ ಔಷಧಿ ಮಾಡುವುದಾದರೆ ದೀಪ ಯಾಕೆ ಹಚ್ಚಬೇಕು? ನಮ್ಮ ಹೊಲದಲ್ಲಿ ಗಾಜಿನ ಕೊಳವೆ ಇಟ್ಟರೆ ಆಗದೇ?
— ಒಬ್ಬ ರೈತರು, ಕುಷ್ಟಗಿ ತಾಲ್ಲೂಕು

ಯಜಮಾನರೇ, ನಿಮಗಿಂತ 100 ವರ್ಷಕ್ಕೂ ಮೊದಲು ಒಬ್ಬರಿಗೆ ಇದೇ ಯೋಚನೆ ಬಂದಿತ್ತು. ಇಟಲಿಯ ಬೊಲೊನ್ಯಾದಲ್ಲಿ ಜಾಕೊಮೊ ಚಾಮಿಚಾನ್ ಅಂತ ಪ್ರೊಫೆಸರ್ ಇದ್ದರು. ಲ್ಯಾಬಿನ ಮಾಳಿಗೆ ಮೇಲೆ ಗಾಜಿನ ಬಾಟಲಿಗಳನ್ನು ಸಾಲಾಗಿ ಬಿಸಿಲಿಗೆ ಇಟ್ಟು ತಿಂಗಳುಗಟ್ಟಲೆ ಕಾಯುತ್ತಿದ್ದರು. 1912ರಲ್ಲಿ ನ್ಯೂಯಾರ್ಕಿನಲ್ಲಿ ಮಾತಾಡುತ್ತಾ, ಬೆಳೆ ಬಾರದ ಒಣ ನೆಲದಲ್ಲಿ ಮುಂದೊಂದು ದಿನ ಹೊಗೆ ಇಲ್ಲದ ಕಾರ್ಖಾನೆಗಳು ಏಳುತ್ತವೆ, ಗಾಜಿನ ಕೊಳವೆಗಳೇ ಕಾಡಿನ ಹಾಗೆ ನಿಲ್ಲುತ್ತವೆ ಅಂದರು. ಅವರು ಕೊಪ್ಪಳದ ಎರೆ ಹೊಲ ನೋಡಿದ್ದರೆ ಒಣ ನೆಲ ಅನ್ನುವ ಮುಂಚೆ ಜೋಳದ ಬೆಳೆ ನೋಡಿ ಸುಮ್ಮನಾಗುತ್ತಿದ್ದರೇನೋ.

ನಾನೂ ಒಮ್ಮೆ ಹುರುಪಿನಿಂದ ಮಾಡಿದೆ. ಇಯೋಸಿನ್ ಅಂತ ಕೆಂಪು ಬಣ್ಣ ಇದೆ, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಜೀವಕೋಶಕ್ಕೆ ಹಚ್ಚುತ್ತಾರೆ. ಅದೂ ಹೊಳೆಯುತ್ತದೆ, ಅದೂ ಫೋಟೋಕ್ಯಾಟಲಿಸ್ಟ್. 2011ರಲ್ಲಿ ಜರ್ಮನಿಯವರು ಅದನ್ನು ಬಳಸಿ ಹಸಿರು ಬೆಳಕಿನಲ್ಲಿ ಅಣು ಕಟ್ಟಿ ತೋರಿಸಿದ್ದರು. ಅದನ್ನು ಓದಿ ಮೇ ತಿಂಗಳಲ್ಲಿ ಸ್ಪಿರಿಟ್ಟಿನಲ್ಲಿ ಇಯೋಸಿನ್ ಹಾಕಿ, ಇನ್ನೆರಡು ಸಾಮಾನು ಸೇರಿಸಿ, ಕಾರ್ಕ್ ಹಾಕಿ ನಮ್ಮ ತಾರಸಿ ಮೇಲಿಟ್ಟೆ. ಮಧ್ಯಾಹ್ನ ಎರಡಕ್ಕೆ ಟಪ್ ಅಂತ ಶಬ್ದ. ಕಾರ್ಕ್ ಪಕ್ಕದ ಮನೆಯ ಹಪ್ಪಳದ ಚಾಪೆಯ ಮೇಲೆ ಬಿದ್ದಿತ್ತು. ಫ್ಲಾಸ್ಕಿನಲ್ಲಿ ಕೆಂಪು ಹೋಗಿ ತಿಳಿ ಗುಲಾಬಿ ಆಗಿತ್ತು. ರಿಯಾಕ್ಷನ್ ಆಗಿಬಿಟ್ಟಿದೆ ಅಂತ ಮನೆಯವರಿಗೆಲ್ಲ ಹೇಳಿದೆ. ಆಗಿದ್ದು ಅದಲ್ಲ. ಬಿಸಿಲಿಗೆ ಇಯೋಸಿನ್ನೇ ಕೆಟ್ಟಿತ್ತು. ಹಪ್ಪಳಕ್ಕೆ ಬೈಸಿಕೊಂಡಿದ್ದು ಮಾತ್ರ ನಿಜವಾದ ಫಲಿತಾಂಶ.

ಬಿಸಿಲಿನಲ್ಲಿ ಎಲ್ಲ ಬಣ್ಣದ ಬೆಳಕೂ ಬಿಸಿಯೂ ಒಟ್ಟಿಗೆ ಬರುತ್ತವೆ. ನಿಮಗೆ ಬೇಕಾದದ್ದು ನೀಲಿ ಒಂದೇ ಇರಬಹುದು, ಜೊತೆಗೆ ಬಂದ ಅಲ್ಟ್ರಾವಯಲೆಟ್ ಮಾಡಿದ್ದನ್ನು ಮುರಿದುಹಾಕುತ್ತದೆ. ಮೋಡ ಬಂದರೆ ಕೆಲಸ ನಿಲ್ಲುತ್ತದೆ, ಸಂಜೆಗೆ ಅರ್ಧಕ್ಕೆ ಬಿಡಬೇಕು. ಔಷಧಿ ಮಾಡುವವರಿಗೆ ಸೋಮವಾರದ ಬ್ಯಾಚೂ ಶುಕ್ರವಾರದ ಬ್ಯಾಚೂ ಒಂದೇ ಥರ ಬರಬೇಕು. ಹಾಗಾಗಿ ದೀಪ. ಅದರ ಕರೆಂಟು ನಮ್ಮ ಕಡೆ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ಬರುತ್ತದೆ ಅನ್ನುವುದು ಚಾಮಿಚಾನ್ ಅವರಿಗೆ ಹಿಡಿಸುತ್ತಿರಲಿಲ್ಲ. ನಿಮ್ಮ ಹೊಲದಲ್ಲಿ ಸೋಲಾರ್ ಪ್ಯಾನೆಲ್ ಇಟ್ಟು ಅದರಿಂದ ದೀಪ ಹಚ್ಚಿದರೆ ಅವರೂ ಒಪ್ಪುತ್ತಾರೆ, ಫ್ಲಾಸ್ಕೂ ತಂಪಾಗಿರುತ್ತದೆ.

ಪ್ರಶ್ನೆ: ನನ್ನ ಅಂಗಡಿಯಲ್ಲಿ ಒಡೆದ ಓಎಲ್‌ಇಡಿ ಪರದೆಗಳು ಒಂದು ಚೀಲ ಇವೆ. ಕೆರೆದು ಆ ಪುಡಿ ತೆಗೆದು ಮಾರಬಹುದಾ?
— ಮೊಬೈಲ್ ರಿಪೇರಿಯವರು, ರಾಯಚೂರು

ತಮ್ಮಾ, ಆಸೆ ಬಿಡು. ಬೆಳಗುವ ಪದರ ಕೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲಿನ ಆಸುಪಾಸು. ಒಂದು ಪರದೆಯಲ್ಲಿ ಹೊಳೆಯುವ ವಸ್ತು ಒಂದು ಮಿಲಿಗ್ರಾಮೂ ಆಗುವುದಿಲ್ಲ. ಅದೂ ನಮ್ಮ ಹಳದಿ ಪುಡಿಯಲ್ಲ. ಮಾರುಕಟ್ಟೆಯ ಫೋನುಗಳಲ್ಲಿ ಕೆಂಪಿಗೂ ಹಸಿರಿಗೂ ಇರುವುದು ಹೆಚ್ಚಾಗಿ ಇರಿಡಿಯಂ ಸಂಯುಕ್ತಗಳೇ.

ಹಳೇ ಪರದೆಯಲ್ಲಿ ಗುರುತು ಉಳಿದಿರುವುದನ್ನು ದಿನಾ ನೋಡುತ್ತೀಯಲ್ಲ, ಅದಕ್ಕೂ ಈ ಮಾತಿಗೂ ಸಂಬಂಧ ಇದೆ. ನೀಲಿ ಬೆಳಕು ಕೊಡುವ ಅಣು ಎಲ್ಲರಿಗಿಂತ ಎತ್ತರದ ಮಾಳಿಗೆ ಹತ್ತಬೇಕು. 450 ನ್ಯಾನೋಮೀಟರ್ ನೀಲಿ ಅಂದರೆ ಮೋಲಿಗೆ ಸುಮಾರು 266 ಕಿಲೋಜೂಲ್. ಅಷ್ಟು ಶಕ್ತಿ ಹೊತ್ತು ಕೂತಾಗ ಕೆಲವೊಮ್ಮೆ ತನ್ನದೇ ಬಂಧ ಮುರಿದುಕೊಳ್ಳುತ್ತದೆ. ಹಾಗಾಗಿ ನೀಲಿ ಮೊದಲು ಸವೆಯುತ್ತದೆ. ಗಿರಾಕಿಗಳಿಗೆ ಬ್ರೈಟ್‌ನೆಸ್ ಇಳಿಸಿ ಇಟ್ಟುಕೊಳ್ಳಲು ಹೇಳು.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸು. ಹೊಳಪು ಕುಂದುವುದನ್ನು ಮನೆಯಲ್ಲಿ ನೋಡಬಹುದಾ ಮೇಡಂ?
— ಒಬ್ಬ ವಿದ್ಯಾರ್ಥಿ, ಮಾನ್ವಿ

ನೋಡಬಹುದು ಪುಟ್ಟಾ. ಕೈಗೆ ಹಚ್ಚುವ ಸ್ಯಾನಿಟೈಜರ್ ನೀರಿನಂತೆ ತೆಳುವಾಗಿರುವುದು ನಾಲ್ಕು ಚಮಚ ತಗೋ. ಒಂದು ಚಿಟಿಕೆ ಅರಿಶಿನ ಹಾಕಿ ಕಲಕಿ, ಐದು ನಿಮಿಷ ಬಿಡು. ಮೇಲಿನ ಹಳದಿ ತಿಳಿಯನ್ನು ಸಣ್ಣ ಗಾಜಿನ ಲೋಟಕ್ಕೆ ಬಸಿ. ಅಂಗಡಿಯಲ್ಲಿ ನೋಟು ನೋಡುವ ನೇರಳೆ ಲೈಟು ಇರುತ್ತದಲ್ಲ, ಅದನ್ನು ಕತ್ತಲ ಕೋಣೆಯಲ್ಲಿ ಲೋಟಕ್ಕೆ ಹಿಡಿ, ಕಣ್ಣಿಗೆ ಹಿಡಿಯಬೇಡ. ತಿಳಿ ಹಸಿರಾಗಿ ಹೊಳೆಯುತ್ತದೆ. ಈಗ ನೀರು ಸೇರಿಸುತ್ತಾ ಹೋಗು. ಸುಮ್ನೆ ತೆಳುವಾಗಿದ್ದಕ್ಕೆ ಕುಂದಿತು ಅಂತ ಗೆಳೆಯರು ವಾದ ಮಾಡುತ್ತಾರೆ. ಅದಕ್ಕೆ ಇನ್ನೊಂದು ಲೋಟಕ್ಕೆ ನೀರಿನ ಬದಲು ಅಷ್ಟೇ ಸ್ಯಾನಿಟೈಜರ್ ಸೇರಿಸಿ ಪಕ್ಕದಲ್ಲಿಡು. ನೀರು ಹಾಕಿದ್ದು ಬಹಳ ಜಾಸ್ತಿ ಕುಂದಿರುತ್ತದೆ. ಬಣ್ಣ ಹಾಗೇ ಇದೆ, ಬೆಳಕನ್ನು ಹಿಡಿಯುತ್ತಲೂ ಇದೆ, ಹೊಳಪು ಮಾತ್ರ ಇಲ್ಲ. ನೀರಿನಲ್ಲಿ ಅದರ ಎಲೆಕ್ಟ್ರಾನು ಬೆಳಕು ಕೊಡದೆ ಬಿಸಿಯಾಗಿ ಇಳಿದುಬಿಡುತ್ತದೆ.

ಸ್ಯಾನಿಟೈಜರ್ ಹತ್ತಿರ ಒಲೆ, ದೀಪ ಬೇಡ. ದೊಡ್ಡವರು ಪಕ್ಕದಲ್ಲಿರಲಿ. ಶಾಲೆಯ ಬಿಳಿ ಅಂಗಿ ಹಾಕಿಕೊಂಡು ಮಾಡಬೇಡ. ಕಲೆ ಆದರೆ ಸೋಪಿನಿಂದ ಉಜ್ಜಿದಾಗ ಕೆಂಪಾಗುತ್ತದೆ, ಹೆದರಬೇಡ. ಚೆನ್ನಾಗಿ ಜಾಲಿಸಿ ಅಂಗಿಯನ್ನು ಮಾಳಿಗೆ ಮೇಲೆ ಬಿಸಿಲಿಗೆ ಹಾಕು. ಮಾನ್ವಿ ಬಿಸಿಲಿಗೆ ಸಂಜೆಯೊಳಗೆ ಕಲೆ ಬಹುಪಾಲು ಹೋಗಿರುತ್ತದೆ. ಕಲೆಯ ಅರ್ಧಕ್ಕೆ ದಪ್ಪ ಕರಿ ಬಟ್ಟೆ ಮುಚ್ಚಿ ಹಾಕಿದರೆ ಅಷ್ಟು ಮಾತ್ರ ಉಳಿಯುತ್ತದೆ. ಏನು ಕಂಡಿತು ಅಂತ ಬರೆದು ಕಳಿಸು.